ಎದುರಾಳಿಯನ್ನು ಮೊದಲು ಬರೆದೆ: ನನ್ನ ಕಬಡ್ಡಿ ಕಾಮಿಕ್ಸ್ ಓಡಿದ್ದು ಹೀಗೆ

ನನ್ನ ಕಬಡ್ಡಿ ಕಾಮಿಕ್ಸಿನ ಎರಡನೇ ಸಂಚಿಕೆಯ 500 ಪ್ರತಿಯೂ ಖಾಲಿ. "ಹೀರೋ ಇಲ್ಲದ ಮುಖಪುಟವನ್ನು ಯಾರು ಮುಟ್ತಾರೆ ಮಾರಾಯಾ?" ಅಂದಿದ್ದವರೇ ಈಗ ಫೋನ್ ಮಾಡಿ, ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ಮಾಂಗಾ, ಅಂದರೆ ಜಪಾನಿ ಕಾಮಿಕ್ಸಿನ ಶೈಲಿಯಲ್ಲಿ ಕನ್ನಡ ಕಾಮಿಕ್ಸ್ ಮಾಡುವವರಿಗಾಗಿ ಇದು. ಪ್ಯಾನೆಲ್ (ಚಿತ್ರದ ಚೌಕಟ್ಟು), ಟೋನ್ (ಚುಕ್ಕಿ ಚುಕ್ಕಿಯ ಬೂದು ನೆರಳು), ಜಿ-ಪೆನ್ (ಶಾಯಿಯಲ್ಲಿ ಅದ್ದಿ ಬಿಡಿಸುವ ನಿಬ್ಬು) ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲ ಸಂಚಿಕೆ 48 ಪುಟ, ಕಪ್ಪು-ಬಿಳುಪು. ಕರಾವಳಿಯ 60 ಕೆ.ಜಿ. ವಿಭಾಗದ ಕಬಡ್ಡಿ ಕಥೆ. ಹೀರೋ ಸುಧಿ, ಎದುರಾಳಿ ದಿವಾಕರ. 500 ಪ್ರತಿಗೆ ಸುಮಾರು 20,000 ರೂಪಾಯಿ ಮುದ್ರಣಕ್ಕೇ ಹೋಯಿತು. ಬೆಲೆ 90 ಇಟ್ಟಿದ್ದೆ. ವರ್ಷ ಕಳೆದರೂ ಮಾರಾಟವಾಗಿದ್ದು ನೂರಮೂವತ್ತರ ಆಸುಪಾಸು. ಒಂದು ಕಾಮಿಕ್ಸ್ ಮೇಳದಲ್ಲಿ ಮೇಜು ಹಿಡಿದದ್ದಕ್ಕೆ, ಬಸ್ಸು, ಲಾಡ್ಜು ಸೇರಿ ಮತ್ತೆ ಆರೇಳು ಸಾವಿರ. ಒಟ್ಟಿನಲ್ಲಿ 15,000ದಷ್ಟು ಕೈಬಿಟ್ಟಿತು.

ಸಾಲದ್ದಕ್ಕೆ ಮುದ್ರಣದ ತೊಂದರೆ. ನಾನು ಕೊಟ್ಟಿದ್ದು 600 ಡಿಪಿಐ (ಇಂಚಿಗೆ 600 ಚುಕ್ಕಿ), ಶುದ್ಧ ಕಪ್ಪು-ಬಿಳುಪಿನ ಫೈಲು. ಪ್ರೆಸ್ಸಿನವರು ಅದನ್ನು ಬೂದು ಬಣ್ಣಕ್ಕೆ ತಿರುಗಿಸಿ, ಕುಗ್ಗಿಸಿ, ಮತ್ತೆ ಚುಕ್ಕಿ ಹಾಕಿಸಿದರು. ಟೋನ್ ಇದ್ದಲ್ಲೆಲ್ಲ ಚೌಕಳಿ ಚೌಕಳಿ ಎದ್ದು, ಸಂಜೆಯ ಆಕಾಶ ಬಲೆ ಹಾಕಿದ ಹಾಗೆ ಕಾಣುತ್ತಿತ್ತು. ಈಗ ಟೋನ್ ಇರುವ ಒಂದು ಪುಟವನ್ನು ಮೊದಲೇ ತೆಗೆಸಿ ನೋಡದೆ ಯಾವ ಪ್ರೆಸ್ಸಿಗೂ ಮುಂಗಡ ಕೊಡುವುದಿಲ್ಲ. ನೀವೂ ಕೊಡಬೇಡಿ.

ಆದರೆ ಆ ನೂರಮೂವತ್ತು ಜನರಲ್ಲಿ ಮಾತಾಡಿದವರೆಲ್ಲ ಕೇಳಿದ್ದು ದಿವಾಕರನ ಬಗ್ಗೆಯೇ. ಅವನಿದ್ದದ್ದು ಏಳು ಪುಟ ಅಷ್ಟೇ. ಮೇಜಿನ ಹತ್ತಿರ ಬಂದ ಹೈಸ್ಕೂಲ್ ಹುಡುಗಿಯೊಬ್ಬಳು "ಆ ಉದ್ದದ ಅಣ್ಣ ಮತ್ತೆ ಯಾವಾಗ ಬರ್ತಾರೆ?" ಅಂದಳು. ಇಬ್ಬರದ್ದೂ ಬ್ಯಾಡ್ಜ್ ಮಾಡಿಸಿದ್ದೆ. ದಿವಾಕರನದ್ದು ಮೊದಲ ದಿನವೇ ಮುಗಿಯಿತು. ಸುಧಿಯದ್ದು ಇವತ್ತಿಗೂ ಡಬ್ಬಿಯಲ್ಲಿದೆ.

ಅನಿಮೆ, ಅಂದರೆ ಜಪಾನಿನ ಅನಿಮೇಷನ್ ನೋಡುವವರಿಗೆ ಇದು ಹೊಸದೇನಲ್ಲ. ಡ್ರ್ಯಾಗನ್ ಬಾಲ್‌ನಲ್ಲಿ ಹೀರೋ ಗೊಕುಗಿಂತ ಎದುರಾಳಿ ವೆಜಿಟಾ ಇಷ್ಟ ಅನ್ನುವವರು ಎಷ್ಟಿಲ್ಲ? ಮೈ ಹೀರೋ ಅಕಾಡೆಮಿಯಾದ ಓದುಗರ ಮತದಾನದಲ್ಲಿ ಹೀರೋ ಡೆಕುವನ್ನು ಹಿಂದೆ ಹಾಕಿ ಅವನ ಎದುರಾಳಿ ಬಾಕುಗೋ ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಬಂದ. 1979ರ ಗುಂಡಮ್‌ನಲ್ಲಿ ಮುಖವಾಡ ಹಾಕಿಕೊಂಡು ಬಂದ ಎದುರಾಳಿ ಚಾರ್, 1988ರ ಹೊತ್ತಿಗೆ ಸಿನಿಮಾದ ಹೆಸರಿನಲ್ಲೇ ಕೂತುಬಿಟ್ಟ. ನಮ್ಮೂರಲ್ಲೂ ಯಕ್ಷಗಾನಕ್ಕೆ ಹೋದವರು ನಿದ್ದೆ ತಡೆದು ಕಾಯುವುದು ಎದುರು ವೇಷದ ಪ್ರವೇಶಕ್ಕೆ. ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ಬರೆಯುವಾಗ ಮಾತ್ರ ಯಾರೂ ಬಳಸಿಕೊಳ್ಳುವುದಿಲ್ಲ. ಹೀರೋನನ್ನು ಪೂರ್ತಿ ಕಟ್ಟಿ, ಉಳಿದ ಜಾಗಕ್ಕೆ ಎದುರಾಳಿಯನ್ನು ಅಂಟಿಸುತ್ತೇವೆ. ನಾನು ತಿರುಗಿಸಿ ಮಾಡಿದೆ.

ನೋಡಿದ್ದನ್ನೇ ಮತ್ತೆ ನೋಡಿದೆ. ಈ ಸಲ ಪೆನ್ಸಿಲ್ ಹಿಡಿದು. ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಅಶಿತಾ ನೊ ಜೋ. 1968ರಲ್ಲಿ ಶುರುವಾದ ಬಾಕ್ಸಿಂಗ್ ಮಾಂಗಾ. ಅದರಲ್ಲಿ ರಿಕೀಶಿ ಅಂತ ಒಬ್ಬ ಎದುರಾಳಿ. ಚಿತ್ರ ಬರೆದ ತೆತ್ಸುಯಾ ಚಿಬಾ ಅವನನ್ನು ಹೀರೋ ಜೋಗಿಂತ ತುಂಬಾ ಎತ್ತರ ಮಾಡಿಬಿಟ್ಟಿದ್ದರು. ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗ ಇರುತ್ತಲ್ಲ, ಇಬ್ಬರೂ ಒಂದೇ ರಿಂಗಿಗೆ ಇಳಿಯುವಂತಿಲ್ಲ. ಹಾಗಾಗಿ ರಿಕೀಶಿ ಜೋನ ಬ್ಯಾಂಟಮ್ ತೂಕಕ್ಕೆ ಇಳಿಯಬೇಕಾಯಿತು. ಊಟ ಬಿಟ್ಟ, ನೀರು ಬಿಟ್ಟ. ಬಾಯಾರಿಕೆ ತಡೆಯಲಾರದೆ ನಲ್ಲಿ ಹುಡುಕಿಕೊಂಡು ಹೋದರೆ, ಒಂದೊಂದನ್ನೂ ತಂತಿ ಸುತ್ತಿ ಬಿಗಿದಿದ್ದಾರೆ. ಅವನ ಬಾಕ್ಸಿಂಗ್ ಕ್ಲಬ್ಬಿನ ಯೋಕೊ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಅದನ್ನು ನೆಲಕ್ಕೆ ಸುರಿಯುತ್ತಾನೆ. ಕೊನೆಗೆ ಜೋನನ್ನು ನಾಕ್‌ಔಟ್ ಮಾಡಿ ಗೆಲ್ಲುತ್ತಾನೆ, ಗೆದ್ದವನೇ ಸಾಯುತ್ತಾನೆ. 1970ರ ಮಾರ್ಚ್ 24ರಂದು ಟೋಕಿಯೊದಲ್ಲಿ, ಪ್ರಕಾಶಕರಾದ ಕೋದಾನ್ಶಾದ ಸಭಾಂಗಣದಲ್ಲಿ ಅವನಿಗೆ ನಿಜವಾದ ಶ್ರಾದ್ಧ ನಡೆಯಿತು. ಕವಿ ಶೂಜಿ ತೆರಾಯಾಮಾ ಮುಂದೆ ನಿಂತು ಮಾಡಿಸಿದರು. 700ರಷ್ಟು ಜನ ಬಂದಿದ್ದರು. ಕಾಗದದ ಮೇಲಿನ ಒಬ್ಬ ಎದುರಾಳಿಗೆ!

ನಾನು ಇಲ್ಲಿಂದ ಎತ್ತಿಕೊಂಡಿದ್ದು ಒಂದೇ ಮಾತು. ಎದುರಾಳಿ ಏನು ಕಳೆದುಕೊಳ್ಳುತ್ತಾನೆ ಅನ್ನುವುದನ್ನು ಓದುಗ ತನ್ನ ಕಣ್ಣಾರೆ ನೋಡಬೇಕು. ಹೀರೋ ಬೆವರು ಸುರಿಸಿದರೆ, ಗೆಲ್ಲುತ್ತಾನೆ ಬಿಡು ಅಂತ ಎಲ್ಲರಿಗೂ ಗೊತ್ತು. ಎದುರಾಳಿಗೆ ಆ ಭರವಸೆ ಇಲ್ಲ. ಅವನ ಒಂದೊಂದು ತುತ್ತೂ ಪಣಕ್ಕಿಟ್ಟ ಹಾಗೆ.

ದಿವಾಕರನ ಬದುಕನ್ನು ಪೂರ್ತಿ ಬರೆದೆ. ಸುಧಿಯ ಒಂದು ಸಾಲೂ ಬರೆಯುವ ಮುಂಚೆ. ದಿವಾಕರ ರಾತ್ರಿ ಬಂದರಿನಲ್ಲಿ ಐಸ್ ಬುಟ್ಟಿ ಹೊರುತ್ತಾನೆ. 64 ಕೆ.ಜಿ. ಇದ್ದಾನೆ, 60ಕ್ಕೆ ಇಳಿಯಬೇಕು. ಹೊರೆ ಹೊರಲು ಊಟ ಬೇಕು, ಆಡಲು ಊಟ ಬಿಡಬೇಕು. ಬೆಳಗಿನ ಜಾವ ಮೀನಿನ ಕ್ರೇಟು ತೂಗುವ ತಕ್ಕಡಿ ಖಾಲಿಯಾದಾಗ ಚಪ್ಪಲಿ ಬಿಟ್ಟು ಹತ್ತಿ ನಿಲ್ಲುತ್ತಾನೆ. ಒದ್ದೆ ತಗಡು, ಮೀನಿನ ಹುರುಪೆ ಅಂಟಿದ ಪಾದ, ಮುಳ್ಳು 62ರ ಮೇಲೆ. ಕಿಸೆಯಲ್ಲಿದ್ದ ಬನ್ಸ್ ತೆಗೆದು ಪಕ್ಕದವನಿಗೆ ಕೊಡುತ್ತಾನೆ. ಎರಡು ಪುಟ, ಒಂದೂ ಮಾತಿಲ್ಲ. ಆ ಎರಡು ಪುಟಕ್ಕೆ ಹೆಚ್ಚುಕಡಿಮೆ ಮೂರು ವಾರ ಹಿಡಿಯಿತು. ನಾನು ಈವರೆಗೆ ಬಿಡಿಸಿದ್ದರಲ್ಲಿ ಅದೇ ಚೆನ್ನಾಗಿರುವುದು ಅಂತ ಧೈರ್ಯವಾಗಿ ಹೇಳುತ್ತೇನೆ.

ಸ್ಕ್ರಿಪ್ಟ್ ನೋಡಿದ ಗೆಳೆಯ ಬೇಡ ಅಂತ ತಲೆಯಾಡಿಸಿದ. ಸುಧಿ ಬರುವುದು 15ನೇ ಪುಟಕ್ಕೆ, ಜನ ಗೊಂದಲವಾಗ್ತಾರೆ ಅಂದ. ತುಂಬಾ ವರ್ಷದಿಂದ ಚಿತ್ರ ಬಿಡಿಸುತ್ತಿರುವ ಹಿರಿಯರೊಬ್ಬರು "ವಿಲನ್ ಕಥೆ ಯಾರಿಗೆ ಬೇಕು?" ಅಂದರು. ದಿವಾಕರ ವಿಲನ್ ಅಲ್ಲ. ಇಲ್ಲೇ ತುಂಬಾ ಜನ ಎಡವುವುದು. ವಿಲನ್‌ಗೆ ಹೀರೋ ಅಡ್ಡಿ. ಎದುರಾಳಿಗೆ ಹೀರೋನಿಗೆ ಬೇಕಾದದ್ದೇ ಬೇಕು, ಅದಕ್ಕೆ ಅವನ ಹತ್ತಿರ ಇನ್ನೂ ಗಟ್ಟಿಯಾದ ಕಾರಣವೂ ಇರುತ್ತದೆ.

ಹೀರೋಗೆ ಇನ್ನೊಂದು ಹೊರೆ ಇದೆ. ಓದುಗನಿಗೆ ಗೊತ್ತಿಲ್ಲದ್ದನ್ನೆಲ್ಲ ಅವನೇ ಕೇಳಬೇಕು. ಬೋನಸ್ ಗೆರೆ ಯಾಕೆ, ಡೂ ಆರ್ ಡೈ ರೈಡ್ ಅಂದ್ರೇನು, ಎಲ್ಲ ಸುಧಿಯ ಬಾಯಲ್ಲೇ ಬರಬೇಕು. ಕೇಳುತ್ತಾ ಕೂತವನು ಹೇಗೆ ಗತ್ತಿನಿಂದ ಕಾಣುತ್ತಾನೆ? ನರುಟೊ ಅನ್ನುವ ಮಾಂಗಾದಲ್ಲಿ ಗುರು ಕಾಕಾಶಿ ಮೂವರು ಮಕ್ಕಳನ್ನು ಕೂರಿಸಿ ಪರಿಚಯ ಹೇಳಿಸುತ್ತಾನಲ್ಲ, ಅದನ್ನು ನೋಡಿ. ಹೀರೋ ನರುಟೊ ರಾಮೆನ್ ನೂಡಲ್ಸ್ ಬಗ್ಗೆ, ಬಿಸಿನೀರು ಹಾಕಿದ ಮೇಲೆ ಕಾಯಬೇಕಾದ ಮೂರು ನಿಮಿಷದ ಬಗ್ಗೆ ಹೇಳುತ್ತಾನೆ. ಅವನ ಎದುರಾಳಿ ಸಾಸ್ಕೆ, ಒಬ್ಬನನ್ನು ಕೊಲ್ಲಬೇಕು ಅನ್ನುತ್ತಾನೆ. ಆ ಒಬ್ಬ ಯಾರು ಅಂತ ಹೇಳುವುದಿಲ್ಲ. ನಮ್ಮ ಮನಸ್ಸು ಸಾಸ್ಕೆಯ ಹಿಂದೆ ಹೋಗಿಬಿಡುತ್ತದೆ. 1997ರಲ್ಲಿ ನರುಟೊ ಮೊದಲು ಬಿಡಿ ಕಥೆಯಾಗಿ ಬಂದಾಗ ಸಾಸ್ಕೆ ಇರಲೇ ಇಲ್ಲ. 1999ರಲ್ಲಿ ಧಾರಾವಾಹಿಯಾದಾಗ ಬಂದ. ಅವನಿಲ್ಲದ ನರುಟೊವನ್ನು ಈಗ ನೆನೆಸಿಕೊಳ್ಳಿ, ಆಗುತ್ತಾ?

ಹಾಗಂತ ಎದುರಾಳಿಗೆ ಪುಟ ಸುರಿಯಬೇಡಿ. ಬೇಕಂತಲೇ ಒಂದು ಪ್ರಯೋಗ ಮಾಡಿದೆ. ಮೂರನೇ ಸಂಚಿಕೆಯ ಕರಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ದಿವಾಕರನೇ ಇರುವ ಹಾಗೆ ಮಾಡಿ ಒಂದು ನಲವತ್ತು ಜನರಿಗೆ ಕಳಿಸಿದೆ. ಚೆನ್ನಾಗಿದೆ ಅಂದರು, ಅಷ್ಟೇ. ಮುಂದೇನು ಅಂತ ಯಾರೂ ಕೇಳಲಿಲ್ಲ. ಅವನ ತಲೆಯೊಳಗೆ ನಡೆಯುವುದೆಲ್ಲ ಗೊತ್ತಾದ ಮೇಲೆ ಅವನೂ ಇನ್ನೊಬ್ಬ ಸುಧಿ. ಎರಡನೇ ಸಂಚಿಕೆಯಲ್ಲಿ ಅವನಿದ್ದದ್ದು ಸುಮಾರು ಕಾಲು ಭಾಗ. ನನ್ನ ಕಣ್ಣಿಗೆ ಅದೇ ಹದ.

ಮಾತಿನಲ್ಲೂ ಹಾಗೇ. ದಿವಾಕರನಿಗೆ ಒಂದು ಮಾತಿನ ಬಲೂನಿನಲ್ಲಿ ಐದು ಪದ ಮೀರಬಾರದು ಅಂತ ಕಟ್ಟು ಹಾಕಿಕೊಂಡೆ. ಇದರಿಂದ ಇನ್ನೊಂದು ಲಾಭ ಸಿಕ್ಕಿತು. ಜಪಾನಿನ ಬಲೂನು ಉದ್ದುದ್ದ, ಅವರ ಸಾಲು ಮೇಲಿಂದ ಕೆಳಗೆ ಇಳಿಯುತ್ತದೆ. ನಮ್ಮ "ತೋರಿಸಿಕೊಡುತ್ತೇನೆ" ಅದರೊಳಗೆ ಹಿಡಿಸುವುದೇ ಇಲ್ಲ, ಒತ್ತಕ್ಷರ ಬೇರೆ ಕೆಳಗಿನ ಸಾಲಿಗೆ ತಾಗುತ್ತದೆ. ನಾನೀಗ ಬಲೂನನ್ನು ಅಡ್ಡಗಲ ಮಾಡಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡುತ್ತೇನೆ. ಅಕ್ಷರವನ್ನೆಲ್ಲ ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲೇ ಜೋಡಿಸುವುದು. ಅಲ್ಲಿ ಒತ್ತಕ್ಷರ ಒಡೆಯುವುದಿಲ್ಲ. ಹಳೆಗಾಲದ ಸಿನಿಮಾ ಪೋಸ್ಟರಿನ ಕೈಬರಹದಲ್ಲಿ ರೈಡಿನ ಸದ್ದುಗಳನ್ನು ಬರೆದೂ ನೋಡಿದೆ. ಸೊಗಸಾಗಿ ಬಂತು, ಆದರೆ ಪುಟಕ್ಕೆ ಅರ್ಧ ದಿನ ತಿನ್ನುತ್ತದೆ. ಮುಖ್ಯ ಪುಟಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ದಿವಾಕರನ ಕಣ್ಣು ಹೇಗೆ ಬಿಡಿಸುತ್ತೀರಿ, ಅವನು ಯಾಕೆ ಹಾಗೆ ಕಾಡುತ್ತಾನೆ ಅಂತ ಕೆಲವರು ಕೇಳಿದ್ದಾರೆ. ಯಾವ ಪ್ಯಾನೆಲ್‌ನಲ್ಲಿ ಕಪ್ಪುಗುಡ್ಡೆ ಹಾಕಬೇಕು, ಯಾವುದರಲ್ಲಿ ಬಿಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ. ಎಡಪುಟದ ಕೊನೆಯ ಪ್ಯಾನೆಲ್‌ನ ವಿಷಯವೂ ಅಷ್ಟೇ, ಹುಡುಕಿದರೆ ಸಿಗುತ್ತದೆ.

ಹಣದ ವಿಷಯ. ಎರಡನೆಯದು 64 ಪುಟ, ಮುದ್ರಣಕ್ಕೆ ಸುಮಾರು 24,000. ಬೆಲೆ 120. ಅಂಗಡಿಯವರ ಕಮಿಷನ್, ಕೊರಿಯರ್, ಮೇಳದ ಮೇಜು ಎಲ್ಲ ಕಳೆದು ಕೈಗೆ 19,000ದಿಂದ 20,000 ಉಳಿಯಿತು. ಮೊದಲನೆಯದರ ನಷ್ಟ ಅಲ್ಲಿಗೆ ತೀರಿತು. ದಿವಾಕರನನ್ನು ಓದಿದವರು ಹಳೇ ಸಂಚಿಕೆಯನ್ನೂ ಕೇಳಿಕೊಂಡು ಬಂದರು, ಅದರಲ್ಲೂ ಒಂದಿನ್ನೂರು ಹೋಯಿತು. ಬಲೆ ಹಾಕಿದ ಆಕಾಶದ ಸಮೇತ.

ಮೂರನೆಯದಕ್ಕೆ 700 ಹಾಕಿಸುತ್ತಿದ್ದೇನೆ. ಅದರಲ್ಲಿ ಸುಧಿ ಸೋಲುತ್ತಾನೆ. ಗೆಳೆಯ ಮತ್ತೆ ತಲೆಯಾಡಿಸುತ್ತಿದ್ದಾನೆ. ಈ ಸಲ ಅವನಿಗೆ ಉತ್ತರ ಹೇಳಿಲ್ಲ, ಬಂದರಿನ ತಕ್ಕಡಿಯ ಮುಂದಿನ ಆರು ಪುಟ ಕಳಿಸಿದ್ದೇನೆ. ಓದಿದವನು ಮುಂಗಡವಾಗಿ ಹತ್ತು ಪ್ರತಿ ಬರೆಸಿದ.