ಲೇತ್‌ಗೆ ಹವಾಯಿ ಚಪ್ಪಲಿಯ ಮೆತ್ತೆ

ಮರವನ್ನು ತಿರುಗಿಸಿ ಕಡೆಯುವ ಯಂತ್ರ ಲೇತ್‌ನಲ್ಲಿ ಬಟ್ಟಲಿನ ಒಳಗೆಲ್ಲ ಕಡೆದು, ಉಜ್ಜಿ ಆಯ್ತು. ಇನ್ನು ಮಗುಚಿ ಅಡಿ ಕಡೆಯಬೇಕು. ಆದರೆ ಮರವನ್ನು ಹಿಡಿದು ತಿರುಗಿಸುವ ಚಕ್‌ನ ಕಬ್ಬಿಣದ ಹಲ್ಲು ಅಂಚು ಕಚ್ಚಿದರೆ ಕಲೆ ಹೋಗುವುದಿಲ್ಲ. ಉಡುಪಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಲೇತ್ ಇಟ್ಟ ಹೊಸತರಲ್ಲಿ ಹಲಸಿನ ಮೂರು ಬಟ್ಟಲು ಹೀಗೇ ಹಾಳು ಮಾಡಿಕೊಂಡೆ. ಈಗ ಮನೆಯಲ್ಲಿ ಹಳೆ ಹವಾಯಿ ಚಪ್ಪಲಿಯನ್ನು ಯಾರೂ ಎಸೆಯುವ ಹಾಗಿಲ್ಲ. ಅದರ ರಬ್ಬರನ್ನು ಮರದ ಗುಂಡಿಗೆ ಮೆತ್ತೆಯಾಗಿ ಅಂಟಿಸಿ, ಅದರ ಮೇಲೆ ಬಟ್ಟಲು ಕವುಚಿ ಅಡಿ ಕಡೆಯುತ್ತೇನೆ.

ಮೊದಲು ಮಾವಿನ ಮರದ ಒಂದು ತುಂಡು ತಗೊಳ್ಳಿ. ಒಂದು ತುದಿ ಚಕ್‌ಗೆ ಕೂರಬೇಕು. ಇನ್ನೊಂದು ತುದಿಯನ್ನು ಅರೆಯುವ ಕಲ್ಲಿನ ಗುಂಡಿನ ತಲೆಯ ಹಾಗೆ ಉರುಟು ಮಾಡಿ. ಬಟ್ಟಲನ್ನು ಅದರ ಮೇಲೆ ಕವುಚಿದಾಗ ಅಂಚಿಗೂ ಚಕ್‌ಗೂ ನಡುವೆ ಎರಡು ಬೆರಳು ಜಾಗ ಉಳಿಯುವಷ್ಟು ಉದ್ದ ಸಾಕು.

ಚಪ್ಪಲಿಯ ಹಿಮ್ಮಡಿ ಭಾಗ ಬೇಡ, ಅದು ಒಂದು ಬದಿಗೆ ಸವೆದಿರುತ್ತದೆ. ನಡುಭಾಗದಿಂದ ಬಿಲ್ಲೆ ಕತ್ತರಿಸಿ, 4–5 ಮಿ.ಮೀ. ದಪ್ಪಕ್ಕೆ ಸೀಳಿ. ಮರದ ಉರುಟು ತಲೆಗೂ ಬಿಲ್ಲೆಗೂ ರಬ್ಬರ್ ಅಂಟು ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲಿ, ಆಮೇಲೆ ಒತ್ತಿ. ಮಳೆ ಹೊಯ್ಯುವಾಗ ಈ ಕೆಲಸ ಬೇಡ, ತೇವಕ್ಕೆ ಅಂಟು ಹಿಡಿಯುವುದಿಲ್ಲ. ಜುಲೈಯಲ್ಲಾದರೆ ಬಿಸಿಲು ಬಂದ ದಿನಕ್ಕೆ ಕಾಯಬೇಕು. ಕೊನೆಗೆ ಲೇತ್ ತಿರುಗಿಸಿ, 80ರ ಒರಟು ಸ್ಯಾಂಡ್ ಪೇಪರ್ ಹಿಡಿದು ಮೆತ್ತೆಯ ಓರೆಕೋರೆ ತೆಗೆಯಿರಿ. ಬಿಳಿ ಪದರ ಹೊರಗಿರಲಿ. ಕಪ್ಪು ರಬ್ಬರ್ ಆದರೆ ಹಲಸಿನ ಹಳದಿ ಮೇಲೆ ಮಸಿ ಬಳಿಯುತ್ತದೆ.

ಮೆತ್ತೆ ಜಾಸ್ತಿ ಮೆತ್ತಗಿದ್ದರೆ ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಹಾಸಿಗೆಯ ಸ್ಪಂಜು ದಪ್ಪಕ್ಕೆ ಅಂಟಿಸಿದ್ದೆ. ಗೌಜ್ ಉಳಿ ತಾಗಿಸಿದ್ದೇ ತಡ, ಬಟ್ಟಲು ಒಮ್ಮೆ ಓಲಾಡಿ, ಹಾರಿ ತೆಂಗಿನ ಸಿಪ್ಪೆಯ ರಾಶಿಗೆ ಬಿತ್ತು. ಮುಖಕ್ಕೆ ಶೀಲ್ಡ್ ಇತ್ತು, ಪುಣ್ಯ. ಮೆತ್ತೆ ಇರುವುದು ಜಾರದಿರಲು, ಗೀರು ಬೀಳದಿರಲು ಮಾತ್ರ. ಗಟ್ಟಿತನ ಅದರ ಅಡಿಯ ಮರದಿಂದ ಬರಬೇಕು.

ಇನ್ನು ಕೇಂದ್ರ. ಮೊದಲು ಹೊರಮೈ ಕಡೆದಾಗ ಟೇಲ್‌ಸ್ಟಾಕ್ (ಚಕ್‌ನ ಎದುರಿನಿಂದ ಮರವನ್ನು ಒತ್ತಿ ಹಿಡಿಯುವ ಭಾಗ) ಬಿಟ್ಟ ಚುಕ್ಕಿಯನ್ನು ಅಳಿಸಬೇಡಿ. ಲೈವ್ ಸೆಂಟರನ್ನು, ಅಂದರೆ ಟೇಲ್‌ಸ್ಟಾಕಿನ ತಿರುಗುವ ಮೊನೆಯನ್ನು, ಅದೇ ಚುಕ್ಕಿಗೆ ಕೂರಿಸಿ ಬಿಗಿ ಮಾಡಿ. ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಸ್ವಿಚ್. ವೇಗ ನಿಮಿಷಕ್ಕೆ 500 ಸುತ್ತಿನ ಆಸುಪಾಸಿರಲಿ, ಉಳಿಯ ಅಂಚು ಚೂಪಾಗಿರಲಿ. ತೆಳ್ಳಗೆ ತೆಗೆಯುತ್ತಾ ಬನ್ನಿ. ನಡುವೆ ಬೆರಳು ದಪ್ಪದ ಮೊಳಕೆಯಂಥ ತುಂಡು ಬಿಟ್ಟು, ಲೇತ್ ನಿಲ್ಲಿಸಿದ ಮೇಲೆ ಅದನ್ನು ಗರಗಸದಿಂದ ಕತ್ತರಿಸಿ. ಟೇಲ್‌ಸ್ಟಾಕ್ ಮಾತ್ರ ಕೊನೆಯವರೆಗೂ ಸರಿಸಬೇಡಿ.

ತೆಂಗಿನ ಗೆರಟೆಗೂ ಇದೇ ಗುಂಡು ನಡೆಯುತ್ತದೆ, ಒಂದು ಎಚ್ಚರಿಕೆ ಬೇಕಷ್ಟೆ. ಗೆರಟೆಯ ಮೂರು ಕಣ್ಣುಗಳಲ್ಲಿ ಒಂದು ಮೆದು. ಲೈವ್ ಸೆಂಟರಿನ ಮೊನೆ ಅಲ್ಲಿಗೆ ಬಿದ್ದರೆ ತೂತಾಗಿ ಒಳಗಿಳಿಯುತ್ತದೆ. ಹಾಗಾಗಿ ಮೊನೆಗೆ ಮರದ ಒಂದು ಟೊಪ್ಪಿ ಮಾಡಿ, ಅದರ ಬಾಯಿಯನ್ನು ಸ್ವಲ್ಪ ಬಟ್ಟಲಿನ ಹಾಗೆ ತೋಡಿ, ಚಪ್ಪಲಿಯ ಉಳಿದ ಚೂರನ್ನು ಅಂಟಿಸಿ. ಮೂರು ಕಣ್ಣೂ ಟೊಪ್ಪಿಯ ಒಳಗೇ ಬರುತ್ತವೆ, ಒತ್ತಡ ಅವುಗಳ ಸುತ್ತಲಿನ ಗಟ್ಟಿ ಭಾಗಕ್ಕೆ ಬೀಳುತ್ತದೆ.