ಮಳೆಗಾಲದಲ್ಲಿ ಮನೆಯ ತೇವವನ್ನು ತಗ್ಗಿಸುವ ಬಗೆ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಕಾಣುವ ತೇವವೆಲ್ಲ ಒಂದೇ ಬಗೆಯದಲ್ಲ. ಎರಚಲು ಹೊಡೆದು ಹೊರಗೋಡೆಯಿಂದ ಒಳಕ್ಕೆ ಇಳಿಯುವ ನೀರು ಒಂದು, ಅಡಿಪಾಯದಿಂದ ಗೋಡೆಯೊಳಗೆ ಮೇಲೇರುವ ನೀರು ಇನ್ನೊಂದು, ಗಾಳಿಯಲ್ಲಿನ ನೀರಾವಿ ತಣ್ಣನೆಯ ಮೈಗೆ ತಾಗಿ ಹನಿಗಟ್ಟುವುದು ಮತ್ತೊಂದು. ಇದನ್ನು ವಿಂಗಡಿಸದೆ ಒಳಗೋಡೆಗೆ ಜಲನಿರೋಧಕ ಬಣ್ಣ ಬಳಿಸಿದರೆ, ಗೋಡೆಯೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಗುಳ್ಳೆಯೆಬ್ಬಿಸಿ ಉದುರಿಸುತ್ತದೆ.

ಪರೀಕ್ಷೆ ಸುಲಭ. ಗೋಡೆಯನ್ನು ಒರೆಸಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ನೀರು ಕೋಣೆಯ ಗಾಳಿಯದು. ಗೋಡೆಗೆ ತಾಗಿದ ಮೈ ಒದ್ದೆಯಾಗಿದ್ದರೆ ಗೋಡೆಯದು. ನೆಲದಿಂದ ಸುಮಾರು ಮೂರು ಅಡಿಯೊಳಗೆ ಮಾತ್ರ ಕಲೆಯಿದ್ದು, ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪಿನ ಹುಡಿ ಕಂಡರೆ ಅದು ಬಹುಪಾಲು ಅಡಿಪಾಯದಿಂದ ಏರಿದ ನೀರು.

ಗಾಳಿಯ ನೀರಾವಿಯ ವಿಚಾರದಲ್ಲಿ ಒಂದು ಲೆಕ್ಕ ನೆನಪಿರಲಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ಮಾತ್ರ. ವಾರಗಟ್ಟಲೆ ಮಳೆ ಸುರಿದು ನೆಲ ತಣ್ಣಗಾಗಿರುವಾಗ ಹೊಳವಾಗಿ ಬಿಸಿಲು ಬಂದರೆ, ಹೊರಗಿನ ಬೆಚ್ಚಗಿನ ಒದ್ದೆ ಗಾಳಿ ಒಳನುಗ್ಗಿ ರೆಡ್ ಆಕ್ಸೈಡ್ ನೆಲವೂ ಟೈಲ್ಸೂ ಬೆವರುವುದು ಇದರಿಂದಲೇ. ಬಿಸಿಲು ಕಂಡೊಡನೆ ಕಿಟಕಿಗಳನ್ನೆಲ್ಲ ತೆರೆದಿಡುವ ನಮ್ಮ ವಾಡಿಕೆ ಆ ಹೊತ್ತಿನಲ್ಲಿ ತಿರುಗುಬಾಣವಾಗುತ್ತದೆ. ನೆಲ ಸ್ವಲ್ಪ ಬೆಚ್ಚಗಾದ ಮೇಲೆ ತೆರೆಯುವುದು ಮೇಲು.

ಮನೆಯೊಳಗೇ ಹುಟ್ಟುವ ಆವಿಯನ್ನು ಮಾತ್ರ ಆಗಿಂದಾಗಲೇ ಹೊರಹಾಕಬೇಕು. ಕುಚ್ಚಲಕ್ಕಿ ಅನ್ನ ಬಹಳ ಹೊತ್ತು ಕುದಿಯುತ್ತದೆ. ಆಗ ಪಾತ್ರೆಯ ಮುಚ್ಚಳ ಹಾಕಿ, ಅಡುಗೆಮನೆಯ ಒಳಬಾಗಿಲನ್ನು ಮುಚ್ಚಿ, ಎಕ್ಸಾಸ್ಟ್ ಫ್ಯಾನನ್ನು ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಿಸಬೇಕು. ಬಚ್ಚಲಿಗೂ ಇದೇ ಕ್ರಮ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವುವುದಕ್ಕಿಂತ ಮಾಡಿನಡಿಯ ಜಗಲಿಯಲ್ಲಿ ಹರವುವುದು ಲೇಸು.

ಕಪಾಟುಗಳನ್ನು ಹೊರಗೋಡೆಯಿಂದ ಮೂರು ಬೆರಳಷ್ಟಾದರೂ ದೂರ ಸರಿಸಿರಿ. ಬೂಷ್ಟು ಮೊದಲು ಹಿಡಿಯುವುದು ಗಾಳಿಯಾಡದ ಆ ಸಂದಿಯಲ್ಲೇ. ಹಿಡಿದ ಬೂಷ್ಟನ್ನು ಒಣಗಿದ ಪೊರಕೆಯಿಂದ ಗುಡಿಸಿದರೆ ಅದರ ಕಣಗಳು ಮನೆಯೆಲ್ಲ ಹರಡುತ್ತವೆ, ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟಿ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬ್ಲೀಚ್ ಬಳಸುವವರು ಅದಕ್ಕೆ ವಿನೆಗರನ್ನಾಗಲಿ ಕಕ್ಕಸು ತೊಳೆಯುವ ಆಮ್ಲವನ್ನಾಗಲಿ ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಎರಚಲಿನ ನೀರಿಗೆ ಮದ್ದು ಹೊರಗೇ ಇದೆ. ಮುರಕಲ್ಲಿನ ಗೋಡೆ ನೀರನ್ನು ಹೀರುವುದು ತಿಳಿದೇ ಹಿಂದಿನವರು ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಇಂದು ಅಗಲವಾದ ಸಜ್ಜಾ ಅಥವಾ ಶೀಟಿನ ಇಳಿಮಾಡು ಆ ಕೆಲಸ ಮಾಡೀತು. ದಂಬೆಯಲ್ಲಿ ಕಸ ಕಟ್ಟಿದೆಯೇ, ಅಂಗಳದ ನೀರು ಗೋಡೆಯ ಬುಡಕ್ಕೆ ಹರಿಯುತ್ತಿದೆಯೇ ಎಂಬುದನ್ನು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು. ಗಾರೆ, ಬಣ್ಣದ ಕೆಲಸವನ್ನು ಗೋಡೆ ಪೂರ್ತಿ ಒಣಗಿರುವ ಮಾರ್ಚ್, ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ಹಳೆಯ ಮಣ್ಣಿನ ಗೋಡೆಯಾದರೆ ಪ್ಲಾಸ್ಟಿಕ್ ಎಮಲ್ಷನ್‌ಗಿಂತ ಸುಣ್ಣವೇ ಒಳ್ಳೆಯದು, ಏಕೆಂದರೆ ಅದರ ಮೂಲಕ ತೇವ ಆರಿಹೋಗುತ್ತದೆ.