ಪುಣೆಯಲ್ಲಿ ಅಗ್ಗದ ಮನೆಗಳ ಯೋಜನೆ ಬಂದಾಗ ಪಾಲಿಕೆಗೆ ಅಭಿಪ್ರಾಯ ತಿಳಿಸುವುದು ಹೇಗೆ?

ನಿಮ್ಮ ಏರಿಯಾದಲ್ಲಿ ಮೈದಾನಕ್ಕೋ ಶಾಲೆಗೋ ಮೀಸಲಿಟ್ಟ ಜಾಗವನ್ನು ಪಾಲಿಕೆ ಬಡವರ ಮನೆಗಳಿಗೆ ಬದಲಿಸಲು ಹೊರಟರೆ, 1966ರ ಮಹಾರಾಷ್ಟ್ರ ನಗರ ಯೋಜನಾ ಕಾಯ್ದೆಯ 37ನೇ ಕಲಮಿನ ಪ್ರಕಾರ ಮೊದಲು ಜನರ ಮಾತು ಕೇಳಬೇಕು. ನೋಟಿಸ್ ಗೆಜೆಟ್‌ನಲ್ಲಿ ಬರುತ್ತದೆ. ಮರಾಠಿ ಪತ್ರಿಕೆಗಳಲ್ಲಿ 'ಹರಕತಿ ವ ಸೂಚನಾ' (ಆಕ್ಷೇಪಣೆ ಮತ್ತು ಸಲಹೆ) ಅನ್ನೋ ಸಾಲು ಕಂಡರೆ ಕತ್ತರಿಸಿಡಿ. ಗಡುವು ಒಂದೇ ತಿಂಗಳು, ಅದೂ ನೋಟಿಸಿನ ತಾರೀಖಿನಿಂದ, ನೀವು ಓದಿದ ದಿನದಿಂದಲ್ಲ.

ಪತ್ರ ಮರಾಠಿಯಲ್ಲಿರಲಿ. ಬರೆಯಲು ಬಾರದಿದ್ದರೆ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನೇ ಕೇಳಿ, ಖಂಡಿತ ಬರೆದುಕೊಡ್ತಾಳೆ. ಮೇಲೆ ಸರ್ವೆ ನಂಬರ್, ನೋಟಿಸಿನ ತಾರೀಖು ಹಾಕಿ. ಸುಮ್ನೆ 'ಯೋಜನೆ ಬೇಡ' ಅಂದರೆ ಯಾರೂ ಕಿವಿಗೊಡುವುದಿಲ್ಲ. 'ಮುಂದಿನ ರಸ್ತೆ ಇಕ್ಕಟ್ಟಾಗಿದೆ, ಅಗ್ನಿಶಾಮಕ ಗಾಡಿ ತಿರುಗುವಷ್ಟು ಜಾಗ ಬಿಡಿ, ನೀರಿನ ಲೈನ್ ಮೊದಲು ಹಾಕಿ' ಅಂತ ಒಂದೊಂದಾಗಿ ಕೇಳಿ. ಯೋಜನೆ ಬೇಕು ಅನ್ನುವವರೂ ಬರೆಯಬಹುದು, ಬರೆಯಲೇಬೇಕು. ಕಲಬುರಗಿ, ವಿಜಯಪುರದಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ ನಮ್ಮವರೇ ತಗಡಿನ ಶೆಡ್ಡಿನಲ್ಲಿ ಮಲಗ್ತಾರೆ, ಅವರಿಗೂ ಮನೆ ಬೇಕಲ್ವಾ?

ಪಾಲಿಕೆ ಕಚೇರಿಗೆ ಪತ್ರದ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸಿಕ್ಕಾ (ಮುದ್ರೆ), ತಾರೀಖು, ಆವಕ ನಂಬರ್ (ಪತ್ರ ಸ್ವೀಕರಿಸಿದ ದಾಖಲೆ ಸಂಖ್ಯೆ) ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ನಿಮ್ಮ ಪತ್ರ ತಲುಪಿದ್ದಕ್ಕೆ ಅದೇ ಸಾಕ್ಷಿ.

ವಿಚಾರಣೆಗೆ ಕರೆದರೆ ನಾಲ್ಕೈದು ಜನ ಒಟ್ಟಿಗೆ ಹೋಗಿ, ಒಬ್ಬರೇ ಮಾತಾಡಿ. ಆಮೇಲೆ ಪ್ರಸ್ತಾವ ಮಂಜೂರಿಗೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ.